ಮೊಮ್ಮಗಳನ್ನು ಎತ್ತಿಕೊಳ್ಳಲು ಠಾಣೆಗೆ ಹೋದದ್ದು

ಮೊಮ್ಮಗಳಿಗೆ ಮೂರು ತಿಂಗಳು ತುಂಬಿದ ಮೇಲೆ, ಒಂದು ಶನಿವಾರ ಬೆಳಿಗ್ಗೆ, ನಾನೂ ನನ್ನ ಹೆಂಡತಿ ಲೀಲಾಳೂ ಮುಂಬಯಿ ಪಕ್ಕದ ಡೊಂಬಿವಲಿಯಿಂದ ಠಾಣೆ ಊರಿಗೆ ಲೋಕಲ್ ರೈಲು ಹಿಡಿದೆವು. ಟಿಕೆಟಿಗೆ ಹತ್ತು ರೂಪಾಯಿ, ಅರ್ಧ ಗಂಟೆಯ ದಾರಿ. ಇಷ್ಟು ಹತ್ತಿರವಿದ್ದೂ ಮಗುವನ್ನು ಫೋನಿನಲ್ಲಿ ಮಾತ್ರ ಕಂಡಿದ್ದೆವು. ನಾವು ಮುಲ್ಕಿ ಕಡೆಯ ಕ್ರೈಸ್ತರು. ಮಗಳು ಸುಗುಣಾ ಮದುವೆಯಾದದ್ದು ಉಡುಪಿಯ ಹಿಂದೂ ಮನೆಗೆ. ಅವರದು ಠಾಣೆಯ ಮಾಜಿವಾಡಾದಲ್ಲಿ ಸಸ್ಯಾಹಾರಿ ಹೋಟೆಲು, ಮನೆ ಅಲ್ಲಿಂದ ಇನ್ನೂ ಮುಂದೆ. ಮದುವೆಯಿಂದ ಎರಡು ಮನೆಗಳ ನಡುವೆ ಮಾತು ನಿಂತಿತ್ತು. ಈಗ ಬೀಗಿತಿ ವಾರಿಜಕ್ಕನೇ ಫೋನು ಮಾಡಿ, “ಮಗುವನ್ನು ನೋಡ್ಲಿಕ್ಕೆ ಬನ್ನಿ” ಅಂದಿದ್ದರು. ಆ ರಾತ್ರಿ ನಾನು ಕುಣಿಯುವುದೊಂದು ಬಾಕಿ.

ಆದರೆ ನನ್ನೆದೆಯಲ್ಲಿ ಒಂದು ಮಾತು ಭಾರವಾಗಿ ಕೂತಿತ್ತು. ನಮ್ಮ ಚರ್ಚಿನಲ್ಲಿ ಮಗುವಿನ ನೆತ್ತಿಗೆ ನೀರು ಹಾಕಿಸಿ ದೀಕ್ಷಾಸ್ನಾನ ಮಾಡಿಸೋಣ ಎಂದು ಕೇಳಬೇಕು. ಕೇಳಿದರೆ ಈಗಷ್ಟೇ ತೆರೆದ ಬಾಗಿಲು ಮುಚ್ಚಬಹುದು. ಕೇಳದಿದ್ದರೆ ನಾನೆಂಥ ಅಜ್ಜ? ನಾಲ್ಕನೇ ಕ್ಲಾಸು ಓದಿದವನಿಗೆ ಮಾತು ಜೋಡಿಸಲು ಬರುತ್ತದೆಯೇ? ಮುಂಬ್ರಾ ದಾಟಿದರೂ ತುಟಿ ಅಲ್ಲಾಡಿಸುತ್ತಲೇ ಇದ್ದೆ.

“ಎಂತ, ಪಾಸ್ಟರ್ ಪರೀಕ್ಷೆಗೆ ಓದುದಾ?” ಎಂದಳು ಲೀಲಾ. “ಮೊದಲು ಮಗುವನ್ನು ನೋಡುವ. ಅಲ್ಲಿ ಹೋದ ಕೂಡ್ಲೇ ಬಾಯಿ ಬಿಡ್ಬೇಡಿ.”

ಠಾಣೆ ಸ್ಟೇಷನ್ನಿನಿಂದ ಬಸ್ಸು. ಎಲ್ಲಿಗೆ ಎಂದು ಕಂಡಕ್ಟರ್ ಮರಾಠಿಯಲ್ಲಿ ಕೇಳಿದರೆ, ಮೊಮ್ಮಗಳ ಹತ್ತಿರ ಎಂದುಬಿಟ್ಟೆ. “ಆಜೋಬಾ, ಸ್ಟಾಪ್ ಸಾಂಗಾ, ಸ್ಟಾಪ್!” ಅಜ್ಜಾ, ಸ್ಟಾಪಿನ ಹೆಸರು ಹೇಳಿ ಎಂದು ಅವನು ನಕ್ಕ; ಬಸ್ಸೇ ನಕ್ಕಿತು. ಮಾಜಿವಾಡಾ ದಾಟಿದ ಮೇಲೆ ಘೋಡಬಂದರ್ ರಸ್ತೆಯಲ್ಲಿ ಟ್ರಾಫಿಕ್ಕು. ಬಸ್ಸು ಆಮೆಯ ಹಾಗೆ ತೆವಳಿತು. ಬಿಸಿಲಿಗೆ ಬೆನ್ನೆಲ್ಲ ಒದ್ದೆ. ಎದುರಿನ ಎತ್ತರದ ಕಟ್ಟಡಗಳಲ್ಲಿ ಮಗುವಿನ ಕಿಟಕಿ ಯಾವುದೋ ಎಂದು ಒಂದೊಂದನ್ನೇ ನೋಡಿದೆ.

ಹದಿನಾಲ್ಕನೇ ಮಹಡಿಯಲ್ಲಿ ವಾರಿಜಕ್ಕ ಬಾಗಿಲು ತೆರೆದರು. ಕೈಕಾಲು ತೊಳೆದು ಬರುವುದರೊಳಗೆ ಮಗುವನ್ನು ತಂದು ನನ್ನ ಕೈಗೇ ಕೊಟ್ಟರು. ಕೆನ್ನೆಯ ಮೇಲೆ ಕಪ್ಪು ಬೊಟ್ಟು, ಸೊಂಟದಲ್ಲಿ ಕಪ್ಪು ದಾರ, ಮೂಗು ನನ್ನ ತಾಯಿಯದೇ! ಕಣ್ಣು ತುಂಬಿ ಬಂತು. ಈಗಲೇ ಕೇಳಿಬಿಡುತ್ತೇನೆ ಎಂದು ಉಸಿರು ಬಿಗಿಹಿಡಿದೆ. ಮಗು ಕಿಟಾರನೆ ಕಿರುಚಿತು.

“ಅಯ್ಯೋ ಮಾರಾಯ್ರೆ, ಗ್ಯಾಸ್ ಸಿಲಿಂಡರ್ ಹಿಡಿದ ಹಾಗೆ ಹಿಡಿದಿದ್ದೀರಲ್ಲ!” ಎಂದರು ವಾರಿಜಕ್ಕ. “ಕೈ ಸಡಿಲ ಬಿಡಿ. ಎಲ್ಲಿಯೂ ಬೀಳುದಿಲ್ಲ.”

ಸಡಿಲ ಬಿಟ್ಟೆ. ಬಿಡುವಾಗ ಒಳಗಿನದನ್ನೂ ಬಿಟ್ಟೆ. ಕರ್ತನೇ, ಭಾರ ಹೊರಲಾರದವರು ಬನ್ನಿ ಎಂದು ಕರೆದವನು ನೀನು. ಈ ಕೂಸನ್ನು ನನಗಿಂತ ಮೊದಲು ಕಂಡವನೂ ನೀನು. ದೀಕ್ಷಾಸ್ನಾನ ಯಾವಾಗ, ಹೇಗೆ ಎಂಬುದು ನಿನಗೇ ಬಿಟ್ಟದ್ದು, ನನ್ನ ಕೈಲಾಗುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿದೆ. ಮಗು ಎರಡು ಸಲ ಬಿಕ್ಕಿ, ನನ್ನ ಎದೆಗೆ ಕೆನ್ನೆ ಒತ್ತಿ ನಿದ್ದೆಹೋಯಿತು. ಆ ಬೆಚ್ಚನೆಯ ಭಾರವನ್ನು ಏನೆಂದು ಬರೆಯಲಿ!

ಊಟಕ್ಕೆ ಪತ್ರೊಡೆ, ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ. ಬಡಿಸುತ್ತಿದ್ದ ಸುಗುಣಾ ಮೆಲ್ಲಗೆ, “ಅಪ್ಪ, ನೀವು ಎಂತದೋ ಹೇಳ್ಲಿಕ್ಕೆ ಬಂದ ಹಾಗುಂಟು” ಎಂದಳು. ಮಗಳಲ್ಲವೇ, ಅವಳಿಗೆ ಗೊತ್ತು.

“ಹೌದು. ಪತ್ರೊಡೆ ಇನ್ನೊಂದು ಹಾಕು.”

ಸಂಜೆಯ ಗಾಡಿಯಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. “ಕೇಳಿದಿರಾ?” ಎಂದಳು ಲೀಲಾ.

“ಕೇಳಿದೆ. ಅವರ ಹತ್ತಿರ ಅಲ್ಲ.”

ಲೀಲಾ ಚೀಲವನ್ನು ಮಡಿಲಿಗೆ ಎಳೆದುಕೊಂಡು ನನಗೆ ಒರಗಲು ಜಾಗ ಮಾಡಿದಳು. ಆಮೇಲೆ ಏನಾಯಿತೋ ನನಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ಗಾಡಿ ಖಾಲಿ. ಹೊರಗೆ ಕಲ್ಯಾಣ್ ಎಂಬ ಬೋರ್ಡು. ಡೊಂಬಿವಲಿ ಯಾವಾಗಲೋ ದಾಟಿತ್ತು.

“ಎಬ್ಬಿಸ್ಲಿಲ್ಲ ಯಾಕೆ ಮಾರಾಯ್ತಿ?”

“ನೀವು ಹೀಗೆ ಮಲಗದೆ ಎಷ್ಟು ತಿಂಗಳಾಯ್ತು! ಟಿಸಿ ಬಂದ್ರೆ ನೀವೇ ಮಾತಾಡಿ.”

ಹಿಂದಕ್ಕೆ ಹೋಗುವ ಟಿಕೆಟು ತೆಗೆದು ಪ್ಲಾಟ್‌ಫಾರ್ಮಿನಲ್ಲಿ ಕೂತೆವು. ಆಸೆ ಹೋಯಿತೇ ಎಂದರೆ ಹೋಗಿಲ್ಲ. ಆ ಪುಟ್ಟ ನೆತ್ತಿಯ ಮೇಲೆ ನೀರು ಬೀಳುವುದನ್ನು ನೋಡಬೇಕೆಂದು ಜೀವ ಈಗಲೂ ಎಳೆಯುತ್ತದೆ. ಎಳೆಯಲಿ, ಭಾರ ಮಾತ್ರ ನನ್ನ ಹತ್ತಿರವಿಲ್ಲ. ಠಾಣೆಯ ದಿಕ್ಕಿಗೆ ಕತ್ತು ಚಾಚಿ ನೋಡಿದೆ. ದೂರದವರೆಗೆ ಹಳಿಗಳು, ಅವುಗಳಾಚೆ ದೀಪಗಳು.

“ಮತ್ತೆ ಯಾವಾಗ ಹೋಗುವ?” ಎಂದೆ.

“ಮೊದಲು ಮನೆ ಮುಟ್ಟುವ ಮಾರಾಯ್ರೆ,” ಎಂದಳು ಲೀಲಾ. ಅವಳೂ ಆ ಕಡೆಗೇ ನೋಡುತ್ತಿದ್ದಳು.