ಕಡೆಯ ಕೊಡ ಭಂಡಾರಿಯದು

ಬೆಳಗಿನ ಐದೂವರೆಗೆ ಅಣವೀರಪ್ಪ ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಬಂದು ಕೂರುತ್ತಾರೆ. ಗೋರೆಗಾಂವ್‌ನ ಈ ಚಾಳಿನ ವಠಾರಕ್ಕೆ ನೀರು ಬರುವುದು ಒಂದೇ ಗಂಟೆ. ಹತ್ತು ಮನೆ, ಮನೆಗೆ ಐದು ಕೊಡ; ಲೆಕ್ಕ ಹಿಡಿಯುವವರು ಅವರೇ. ಎಲ್ಲರದೂ ತುಂಬಿದ ಮೇಲೆ ಕಡೆಗೆ ಅವರದು. ಜ್ವರ ಬಂದರೂ ಈ ಕೆಲಸ ತಪ್ಪಿಸಿದವರಲ್ಲ.

"ಭಂಡಾರಿ ಮಾವಾ, ನನ್ನ ಕೊಡ ಸಣ್ಣದೈತಿ, ಇನ್ನೊಂದು ಹಿಡೀತೀನಿ," ಎಂದು ಪಕ್ಕದ ಮನೆಯ ರಾಚವ್ವ ದಿನಾ ಕೇಳುತ್ತಾಳೆ.

"ನಿನ್ನ ಬಾಯಿಯಷ್ಟು ದೊಡ್ಡ ಕೊಡ ತಾರವಾ, ಐದರಾಗ ಮುಗೀತೈತಿ."

ಭಂಡಾರಿ ಎಂದರೆ ಹಡಗಿನ ಅಡುಗೆಯವ. 1980ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ಅಣವೀರಪ್ಪ ಸಿಮೆಂಟ್ ಹೊತ್ತ ‘ಸಿಂಧುತಾರಾ’ ಹಡಗಿನಲ್ಲಿ ಬಸ್ರಾ ತಲುಪಿದ್ದರು. ಸರಕು ಇಳಿಸುವ ಮೊದಲೇ ಇರಾನ್-ಇರಾಕ್ ಯುದ್ಧ ಶುರುವಾಗಿ ಹಡಗು ನದಿಯಲ್ಲೇ ಸಿಕ್ಕಿಬಿತ್ತು. ತಲೆಯ ಮೇಲೆ ಎರಡೂ ದಡದ ಗುಂಡುಗಳು, ಕೆಳಗೆ ಎಣ್ಣೆ ತೇಲುವ ನೀರು. ಸಿಹಿನೀರಿನ ಟ್ಯಾಂಕಿನ ಬೀಗದ ಕೈಯನ್ನು ಕ್ಯಾಪ್ಟನ್ ಇವರಿಗೆ ಒಪ್ಪಿಸಿದರು. ಒಬ್ಬೊಬ್ಬರಿಗೆ ದಿನಕ್ಕೆ ನಾಲ್ಕು ಲೋಟ.

ಲಿಂಗಪೂಜೆಯಾಗದೆ ಅಣವೀರಪ್ಪ ತುತ್ತು ಮುಟ್ಟುವವರಲ್ಲ. ಲಿಂಗವನ್ನು ಪರರ ಕಣ್ಣಿಗೆ ಬೀಳಿಸಬಾರದು ಎಂದು ಅವ್ವ ಹೇಳಿಕೊಟ್ಟಿದ್ದರಿಂದ, ಅಡುಗೆಕೋಣೆಯ ಬಾಗಿಲು ಹಾಕಿಕೊಂಡು, ತಮ್ಮ ಪಾಲಿನ ಒಂದು ಲೋಟದಲ್ಲೇ ಪೂಜೆ ಮುಗಿಸುತ್ತಿದ್ದರು. ಅದೇ ತಪ್ಪಾಯಿತು. ಊಟ ಬಡಿಸುತ್ತಿದ್ದ ಉಡುಪಿ ಕಡೆಯ ಸಂತು ಬಾಗಿಲ ಸಂದಿಯಿಂದ ಕಂಡು, "ಭಂಡಾರಿ ಒಳಗೆ ನೀರು ಕದೀತಿದ್ದಾನೆ!" ಎಂದು ಕೂಗಿದರು. ಬಾಯಾರಿದ ಇಪ್ಪತ್ತೆಂಟು ಜನ ಬೀಗದ ಕೈ ಕೇಳುತ್ತ ಬಾಗಿಲಿಗೇ ಬಂದರು.

ಮರುದಿನ ಅಣವೀರಪ್ಪ ಡೆಕ್ಕಿನ ಮೇಲೆ ಕೂತರು. ಎಲ್ಲರಿಗೂ ಅಳೆದು ಕೊಟ್ಟ ಮೇಲೆ ತಮ್ಮ ಲೋಟ ತುಂಬಿಕೊಂಡರು. ಟವೆಲ್ಲಿನ ಮರೆಯಲ್ಲಿ ಅಂಗೈಯ ಲಿಂಗಕ್ಕೆ ಎರೆದು, ಕೆಳಗೆ ಬಟ್ಟಲಲ್ಲಿ ಹಿಡಿದ ಆ ನೀರನ್ನೇ ಹನಿಯೂ ಬಿಡದೆ ಕುಡಿದರು.

"ದೇವರದೂ ನಂದೂ ಸೇರಿ ಒಂದ ಪಾಲು," ಎಂದರು. ಸಂತು ತಲೆ ಕೆರೆದುಕೊಂಡರು. ದಡ ಸೇರುವವರೆಗಿನ ಐವತ್ತೊಂದು ದಿನವೂ ಬೀಗದ ಕೈ ಭಂಡಾರಿಯ ಸೊಂಟದಲ್ಲೇ ಉಳಿಯಿತು.

ಕಳೆದ ತಿಂಗಳು ಅದೇ ಸಂತು ಮುಂಜಾನೆಯ ಲೋಕಲ್ ರೈಲು ಹಿಡಿದು ಬಂದರು. ಈಗ ಬಂದರಿನ ಬಳಿಯ ಫೋರ್ಟ್‌ನಲ್ಲಿ ಅವರದು ಹಡಗುಗಳಿಗೆ ದಿನಸಿ ಒದಗಿಸುವ ಅಂಗಡಿ.

"ಎಂಥದು ಮಾರಾಯ, ಈ ಪ್ರಾಯದಲ್ಲೂ ಲೈನಾ? ನಿನ್ನ ಖೋಲಿಗೆ ಟಾಂಕಿ ಕೂರಿಸ್ತೇನೆ, ಪಂಪೂ ಹಾಕಿಸ್ತೇನೆ. ಅವತ್ತು ಕಳ್ಳ ಅಂದದ್ದಕ್ಕೆ ತಪ್ಪುಕಾಣಿಕೆ ಅಂತ ಇಟ್ಕೋ."

ರಾಚವ್ವ ಕೊಡ ಕೆಳಗಿಟ್ಟು ಕಿವಿ ನಿಮಿರಿಸಿದಳು.

ಅಣವೀರಪ್ಪ ಅವಳತ್ತ ನೋಡಿ ನಕ್ಕರು. "ಮನ್ಯಾಗ ಟಾಂಕಿ ತುಂಬಿಸಿಟ್ಟು ಇಲ್ಲಿ ಬಂದು ಕುಂತ್ರ, ಈಕಿ ನನ್ನ ಅಳತಿ ನಂಬ್ತಾಳೇನೋ ಸಂತು? ಬ್ಯಾಡಪ್ಪ. ಸ್ವಲ್ಪ ಆಕಡಿ ಸರಿ, ನೀರು ಬಂತು."