ಬಾಯಮ್ಮನ ಕಡೇ ದಿನದ ಕ್ರಿಸ್ಮಸ್

ರಿಪ್ಪನ್‌ಪೇಟೆಯ ಅಪೊಲಿನ್ ಬಾಯಿಗೆ ಹಬ್ಬದ ತಯಾರಿಯನ್ನು ಮೊದಲೇ ಮಾಡಿಟ್ಟುಕೊಂಡು ಗೊತ್ತಿಲ್ಲ ಎಂದು ಊರಿನ ಉಳಿದ ಕ್ರಿಶ್ಚಿಯನ್ನರ ಮನೆಯವರು ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಅವರ ಮನೆಗಳಲ್ಲಿ ಡಿಸೆಂಬರ್ ಅರ್ಧವಾಗುವ ಮೊದಲೇ ಬಾಣಲೆ ಒಲೆ ಏರುತ್ತಿತ್ತು. ಈಕೆಯ ಮನೆಯಲ್ಲಿ ಹಬ್ಬದ ಹಿಂದಿನ ದಿನ ಮೈದಾಹಿಟ್ಟು ಡಬ್ಬದಿಂದ ಹೊರಗೆ ಬಂದರೆ ಅದೇ ದೊಡ್ಡದು. ಆದರೆ ಆಡಿಕೊಳ್ಳುವವರಿಗೇನು, ಬಾಯಿದೆ ಆಡುತ್ತಾರೆ. ಊರವರು ಬಾಯಮ್ಮ ಎಂದು ಕರೆಯುವ ಅಪೊಲಿನ್ ಬಾಯಿ ಸೂಲಗಿತ್ತಿ. ಅಲ್ಲಿಂದ ಹುಂಚದವರೆಗೆ ಯಾರ ಮನೆಯಲ್ಲಿ ನೋವು ಕಾಣಿಸಿಕೊಂಡರೂ ಎತ್ತಿನಗಾಡಿ ಬಂದು ನಿಲ್ಲುವುದು ಈಕೆಯ ಬಾಗಿಲಿಗೆ. ಶಿವರಾತ್ರಿ ಕಳೆದು ಮದುವೆಯಾದ ಹುಡುಗಿಯರೆಲ್ಲ ಹೆರುವುದು ಸರಿಯಾಗಿ ಕ್ರಿಸ್ಮಸ್ ಹೊತ್ತಿಗೆ. ಇನ್ನು ಚಕ್ಕುಲಿ ಒತ್ತುವುದು ಯಾವಾಗ, ಪಾಪ?

ಪಾಪ ಎಂದದ್ದು ನಾವು. ಅವಳಿಗೆ ಅದರ ಬಿಸಿಯೇ ತಟ್ಟುತ್ತಿರಲಿಲ್ಲ. ಆಗುವಷ್ಟನ್ನು ಮಾಡುವುದು, ಆಗದ್ದನ್ನು ಬಿಡುವುದು, ಬಿಟ್ಟದ್ದರ ಸುದ್ದಿ ಎತ್ತದಿರುವುದು. ಇಷ್ಟೇ ಅವಳ ಕ್ರಮ. ಗಡಿಬಿಡಿಯೆಲ್ಲ ಗಂಡ ಪೇದ್ರುವಿನ ಪಾಲಿಗೆ ಬಂದಿತ್ತು. ಬಡಗಿ ಕೆಲಸದ ಪೇದ್ರು ಹಬ್ಬ ಹತ್ತಿರ ಬಂದರೆ ಉಳಿ ಎಲ್ಲಿಟ್ಟೆನೆಂದು ಮರೆತು ಒಳಗೂ ಹೊರಗೂ ತಿರುಗುತ್ತಿದ್ದ.

"ಇನ್ನೂ ಎಂತದೂ ಆಗ್ಲಿಲ್ವಲ್ಲೇ" ಎಂದು ಅವನು ಕೊರಗಿದರೆ ಅವಳದ್ದು ಒಂದೇ ಉತ್ತರ: "ಹುಟ್ಟೋ ಹೊತ್ತಿಗೆ ಎಲ್ಲ ತಯಾರಾಗಿ ಕೂತಿರೋ ಮನೇನ ನಾನು ಇದುವರೆಗೆ ನೋಡ್ಲಿಲ್ಲ. ಯೇಸುಸ್ವಾಮಿ ಹುಟ್ಟಿದಾಗ್ಲೂ ಹಾಗೇ ಆಗಿದ್ದು. ಬಿಸಿನೀರೊಂದು ಇರ್ಲಿ, ಉಳಿದಿದ್ದು ಆಗ್ತದೆ."

ಆ ವರ್ಷ ಮಾತ್ರ ಹಾಗೆಂದು ಕೂರುವಂತಿರಲಿಲ್ಲ. ಒಬ್ಬಳೇ ಮಗಳು ರೆಜಿನಾಳನ್ನು ಘಟ್ಟದ ಕೆಳಗೆ ಮೂಡುಬಿದಿರೆ ಕಡೆಗೆ ಕೊಟ್ಟಿದ್ದರು. ಮದುವೆಯಾದ ಮೇಲಿನ ಮೊದಲ ಕ್ರಿಸ್ಮಸ್ಸಿಗೆ ಅವಳು ಬರುವವಳಿದ್ದಳು, ಬಸುರಿ. ಮೊದಲ ಹೆರಿಗೆ ತವರಿನಲ್ಲಿ ಎಂಬುದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಆದರೆ ಅವಳ ಅತ್ತೆ ಸಿಸಿಲ್ಯಾಬಾಯಿ ನೆಂಟರ ಮನೆಯೊಂದರಲ್ಲಿ, "ಹಬ್ಬದ ತಿಂಡಿ ಹೊತ್ತಿಗೆ ಸರಿಯಾಗಿ ಮಾಡ್ಲಿಕ್ಕೆ ಆಗದವರು ಬಾಳಂತನ ಮಾಡ್ತಾರಾ? ಕ್ರಿಸ್ಮಸ್ಸಿಗೆ ನಾನೂ ಹೋಗಿ ಮನೆ ನೋಡ್ತೇನೆ, ಆಮೇಲೆ ಹೇಳ್ತೇನೆ" ಎಂದದ್ದು ಘಟ್ಟ ಹತ್ತಿ ಅಪೊಲಿನ್ ಬಾಯಿಯ ಕಿವಿಗೆ ಬಿದ್ದಿತ್ತು. ಸುತ್ತಲ ಊರಿನ ಮಕ್ಕಳನ್ನೆಲ್ಲ ಹಿಡಿದ ಕೈಗೆ ತನ್ನ ಮೊಮ್ಮಗುವನ್ನು ಮೊದಲು ಹಿಡಿಯಬೇಕೆಂಬ ಆಸೆ. ಆಸೆ ಏನು, ಹಟವೇ ಅನ್ನಿ. ಅದು ತಪ್ಪಿಹೋದರೆ ಅವಳ ಎದೆ ಒಡೆಯುತ್ತಿತ್ತು.

ಅಷ್ಟಾದರೂ ಅವಳು ಕೆಲಸ ಹಿಡಿದದ್ದು ಹಬ್ಬದ ಹಿಂದಿನ ದಿನವೇ. ಬೀಗಿತ್ತಿ ಬರುವ ಬಸ್ಸು ಆಗುಂಬೆ ಘಾಟಿ ಹತ್ತಿ, ತೀರ್ಥಹಳ್ಳಿ ದಾಟಿ ಬರಬೇಕು, ಸಂಜೆಯಾಗುತ್ತದೆ. ಅಷ್ಟರಲ್ಲಿ ಎರಡು ಬಗೆ ತಿಂಡಿ ಮಾಡಿ ಮುಗಿಸಿಯೇನು ಎಂಬ ಅಂದಾಜು. ನೆಲ ಸಾರಿಸಿ, ನೆವ್ರಿ ಎಂಬ ಕರಿಗಡುಬಿಗೆ ಹಿಟ್ಟು ಕಲಸಿ, ಎಳ್ಳು ಕೊಬ್ಬರಿಯ ಹೂರಣ ಹುರಿದಿಟ್ಟು, ಬಾಣಲೆ ತೊಳೆಯಲು ಎದ್ದಳು. ಅಂಗಳದಲ್ಲಿ ಗಾಡಿ ನಿಂತಿತು.

ಬಂದವನು ಶಂಭು. ಅಡಿಕೆ ತೋಟದ ಹೆಗಡೆಯವರ ಮಗ.

"ಬಾಯಮ್ಮ, ತಂಗಿಗೆ ನೋವು ಬಂದಿದ್ದು. ಸಂಕ್ರಾಂತಿ ಕಳೆದ ಮೇಲೆ ಆಗ್ತು ಹೇಳಿ ಅಂದಾಜಿತ್ತು. ಅಮ್ಮ ಬೇಗ ಕರ್ಕಂಡು ಬಾ ಹೇಳಿದ್ದು."

ಪೇದ್ರು ತಲೆ ಮೇಲೆ ಕೈ ಇಟ್ಟುಕೊಂಡ. "ಇವತ್ತೊಂದು ದಿನ ಆಗೂದಿಲ್ಲ ಅಂತ ಹೇಳು ಮಾರಾಯ್ತಿ. ನಮ್ಮ ಮಗಳ ಗತಿ ಏನು?"

ಅವಳು ಬಾಣಲೆಯನ್ನು ಕೆಳಗಿಟ್ಟಳು. ಆಮೇಲೆ ಹಿಟ್ಟಿನ ಮೇಲೆ ಒದ್ದೆಬಟ್ಟೆ ಹೊದಿಸಿದಳು.

"ಬೀಗಿತ್ತಿಗೆ ಜಗಲಿ ಮೇಲೆ ಕೂತು ಕಾಯ್ಲಿಕ್ಕೆ ಬರ್ತದೆ. ಆ ಹುಡುಗಿಗೆ ಬರೂದಿಲ್ಲ" ಎಂದಳು. "ಚಾಪೆ ಹಾಸಿ, ಕುಡೀಲಿಕ್ಕೆ ಪಾನಕ ಮಾಡಿಕೊಡಿ. ನೀವು ಎಂತದೂ ಕರೀಲಿಕ್ಕೆ ಹೋಗಬೇಡಿ, ಮನೆ ಸುಟ್ಟೀರಿ."

ಹೆಗಡೆಯವರ ಮನೆಯಲ್ಲೂ ಗಡಿಬಿಡಿಯೇ. ಮಾರನೆಯ ದಿನ ಸತ್ಯನಾರಾಯಣ ಪೂಜೆಯೆಂದು ಊರಿಗೆಲ್ಲ ಹೇಳಿಕೆ ಕೊಟ್ಟಿದ್ದರು. ಅಡುಗೆಮನೆಯಲ್ಲಿ ಲಾಡು, ಚಕ್ಕುಲಿ, ಅತ್ರಾಸ ಬುಟ್ಟಿಬುಟ್ಟಿ ತುಂಬಿಕೊಂಡಿದ್ದವು. ಅಪೊಲಿನ್ ಬಾಯಿ ಅದರ ಕಡೆ ನೋಡದೆ ನೇರ ಬಸುರಿಯ ಕೋಣೆಗೆ ಹೋದಳು. ಚೊಚ್ಚಲು, ಸುಲಭವಾಗಿರಲಿಲ್ಲ. ಹುಡುಗಿ ಹೆದರಿದ್ದಳು, ಅವಳಿಗೆ ಗದರಿ, ಬೆನ್ನು ತಿಕ್ಕಿ, ಊರ ಸುದ್ದಿ ಹೇಳಿ ನಗಿಸಿ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೆಣ್ಣುಮಗುವನ್ನು ಕೈಗೆ ತೆಗೆದುಕೊಂಡಳು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು.

ಶಂಭುವಿನ ತಾಯಿ ವರದಾ ಮೊಮ್ಮಗಳನ್ನು ನೋಡಿ ಕಣ್ಣೊರೆಸಿಕೊಂಡರು. ಆಮೇಲೆ ಬುಟ್ಟಿಗಳ ಕಡೆ ನೋಡಿ ಅಲ್ಲೇ ಕುಸಿದು ಕೂತರು.

"ಇಷ್ಟೆಲ್ಲ ಕರಿದು ಇಟ್ಟಿದ್ದು, ಇನ್ನು ಎಂತ ಮಾಡದು ಬಾಯಮ್ಮ? ಮನೆಗೆ ಪುರುಡಿನ ಮೈಲಿಗೆ ಬಂತು. ಪೂಜೆ ಇಲ್ಲೆ. ಹತ್ತು ದಿನ ಯಾರೂ ಈ ಮನೆದು ಬಾಯಿಗೆ ಹಾಕ್ತ್ವಿಲ್ಲೆ. ಎಂಗೊ ಮನೆಯವೇ ಎಷ್ಟು ಹೇಳಿ ತಿಂಬದು?"

ಅಪೊಲಿನ್ ಬಾಯಿಗೆ ನಗು ಬಂತು. "ನಮಗೆ ಪುರುಡು ಗಿರುಡು ಇಲ್ಲ ಅಮ್ಮ. ನಾಳೆ ನಮ್ಮನೇಲಿ ಹಬ್ಬ, ಒಲೆ ತಣ್ಣಗಿದೆ. ಕೊಡೋದಾದ್ರೆ ಕೊಡಿ."

ವರದಾ ಅವಳ ಮುಖವನ್ನೇ ನೋಡಿದರು. ಪ್ರತಿ ಕ್ರಿಸ್ಮಸ್ಸಿಗೂ ಬಾಯಮ್ಮ ಈ ಮನೆಗೆ ಬಾಳೆಹಣ್ಣು ತೆಂಗಿನಕಾಯಿ ಕಳಿಸುತ್ತಿದ್ದಳು. ಅವಳು ಬೇಯಿಸಿದ್ದನ್ನು ಇಲ್ಲಿ ಯಾರೂ ತಿನ್ನುತ್ತಿರಲಿಲ್ಲ. ಮಗು ಹಿಡಿಯಲು ಬೇಕಾದ ಕೈ ತಿಂಡಿಗೆ ಬೇಡವಾಯಿತಲ್ಲ ಎಂದು ಅವಳಿಗೆ ಬೇಜಾರಿತ್ತೆ? ಇತ್ತು. ಆದರೆ ಆ ದಿನ ಅದನ್ನೆತ್ತಲು ಅವಳಿಗೆ ಪುರುಸೊತ್ತಿರಲಿಲ್ಲ. ವರದಾ ಎರಡು ಬುಟ್ಟಿ ತುಂಬಿಸಿ ತಾವೇ ಗಾಡಿಗೆ ಇಡಿಸಿದರು.

ಮನೆ ತಲುಪುವಾಗ ಮುಸ್ಸಂಜೆ. ಸಿಸಿಲ್ಯಾಬಾಯಿ ಜಗಲಿಯ ಮೇಲೆ ನೆಟ್ಟಗೆ ಕೂತಿದ್ದರು. ಪಕ್ಕದಲ್ಲಿ ರೆಜಿನಾ, ಅಳು ನುಂಗಿಕೊಂಡ ಮುಖ. ಬುಟ್ಟಿಗಳನ್ನು ಕಂಡು ಪೇದ್ರುವಿಗೆ ಹೋದ ಜೀವ ಬಂತು.

"ನೋಡಿ ಬೀಗಿತ್ತಿ, ನಾನು ಹೇಳ್ಲಿಲ್ವಾ? ತಿಂಡಿಯೆಲ್ಲ ಯಾವಾಗಲೋ ಮಾಡಿಟ್ಟಿದ್ದಳು."

ಸಿಸಿಲ್ಯಾಬಾಯಿ ಒಂದು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡರು. ಗರಿಗರಿಯಾಗಿತ್ತು. "ನೀವೇ ಮಾಡಿದ್ದಾ?" ಎಂದರು.

ಹೌದೆಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ರೆಜಿನಾ ತಾಯಿಯನ್ನು ಬೇಡುವಂತೆ ನೋಡಿದಳು.

"ಅಲ್ಲ. ಹೆರಿಗೆ ಆದ ಮನೆಯಲ್ಲಿ ಕೊಟ್ಟದ್ದು" ಎಂದಳು ಅಪೊಲಿನ್ ಬಾಯಿ. "ನಮ್ಮದು ಕಲಸಿದ ಹಿಟ್ಟು ಹಾಗೇ ಇದೆ. ಬೆಳಗ್ಗಿಂದ ನಾನು ಮಾಡಿ ಮುಗಿಸಿದ್ದು ಒಂದು ಹೆಣ್ಣುಮಗು ಮಾತ್ರ."

ಬೀಗಿತ್ತಿ ಚಕ್ಕುಲಿಯನ್ನು ಕೆಳಗಿಟ್ಟರು. "ರೆಜಿನಾನ ಇಲ್ಲಿ ಬಿಟ್ರೆ ಅವಳ ದಿನ ತುಂಬಿದಾಗ್ಲೂ ಹೀಗೆ ಗಾಡಿ ಬರ್ತದೆ. ಆವಾಗ ಹೋಗೂದಿಲ್ಲ ಅಂತ ಮಾತು ಕೊಡಿ."

ಒಂದು ಮಾತು ಕೊಟ್ಟರೆ ಮಗಳು ಹೆರಿಗೆಗೆ ಬರುತ್ತಾಳೆ ಎಂದು ಅಪೊಲಿನ್ ಬಾಯಿಗೆ ಗೊತ್ತಿತ್ತು.

"ಸುಳ್ಳು ಹೇಳ್ಲಿಕ್ಕೆ ಆಗೂದಿಲ್ಲ. ಮಗಳು ಆರಾಮಿದ್ದು, ಅಲ್ಲಿ ಯಾರೋ ನರಳ್ತಾ ಇದ್ರೆ ನಾನು ಹೋಗಿಬರ್ತೇನೆ."

ಪೇದ್ರು ಹಣೆ ಚಚ್ಚಿಕೊಂಡ. ಸಿಸಿಲ್ಯಾಬಾಯಿಯ ದನಿ ಮಾತ್ರ ತಗ್ಗಿತು.

"ನನ್ನ ಚೊಚ್ಚಲು ಹುಟ್ಟಿದ್ದು ತೆನೆಹಬ್ಬದ ದಿನ. ಸೂಲಗಿತ್ತಿ ಹಬ್ಬದ ಊಟ ಮುಗಿಸಿ ಬಂದಳು. ಮಗು ಉಳೀಲಿಲ್ಲ."

ರೆಜಿನಾ ಅತ್ತೆಯ ಕೈ ಹಿಡಿದುಕೊಂಡಳು. ಆ ಮನೆಯ ಸೊಸೆಯಾದ ಅವಳಿಗೂ ಇದು ಗೊತ್ತಿರಲಿಲ್ಲ.

"ಇವಳನ್ನ ಕಳಿಸ್ತೇನೆ" ಎಂದರು ಸಿಸಿಲ್ಯಾಬಾಯಿ. "ನಾನೂ ಜೊತೆಗೆ ಬಂದು ಇರ್ತೇನೆ. ನೀವು ಗಾಡಿ ಹತ್ತಿದಾಗ ಇವಳ ಹತ್ರ ಒಬ್ಬರು ಬೇಕಲ್ಲ."

ಬೆಳಗ್ಗಿನಿಂದ ಬಾರದ ಅಳು ಅಪೊಲಿನ್ ಬಾಯಿಗೆ ಆಗ ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋಗಿ ಒಲೆ ಹೊತ್ತಿಸಿದಳು. ಸಿಸಿಲ್ಯಾಬಾಯಿ ಹಿಂದೆಯೇ ಬಂದು, ಹಿಟ್ಟಿನ ಮೇಲಿನ ಬಟ್ಟೆ ಸರಿಸಿ, ಲಟ್ಟಣಿಗೆ ಎಲ್ಲಿದೆ ಎಂದು ಕೇಳಿದರು.