ಡಿಸ್ಕ್ ಮಲಗಿಸುವ ಸೊಸೆ

ಅರಸೀಕೆರೆಯ ನಮ್ಮ ಬೀದಿಯಲ್ಲಿ ನನ್ನ ಕೆಲಸದ ಪ್ರಚಾರ ಮಾಡಿದವರು ನಮ್ಮ ಅತ್ತೆ. ಸೊಸೆ ಬೆಳಗಾದರೆ ಹಾಲ್‌ನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾಳೆ, ಕೂತಲ್ಲಿಗೇ ಸಂಬಳ ಬರುತ್ತದೆ, ಅಷ್ಟಕ್ಕೂ ಅವಳು ಮಾಡುವುದೇನು ಎಂದು ಎದುರುಮನೆಯಾಕೆ ಕೇಳಿದ್ದರಂತೆ. ಅತ್ತೆ ನನ್ನನ್ನು ಒಂದು ಸಲ ವಿಚಾರಿಸಿದರು. ನಾನು ಹೇಳಿದ್ದರಲ್ಲಿ ತಮಗೆ ಬೇಕಾದಷ್ಟನ್ನು ಇಟ್ಟುಕೊಂಡು, ಉಳಿದದ್ದನ್ನು ಬಿಟ್ಟು, ಗೇಟಿನ ಹತ್ತಿರ ನಿಂತು ಉತ್ತರ ಕೊಟ್ಟರು.

"ಕಂಪ್ಯೂಟರ್ ಒಳಗೆ ಡಿಸ್ಕ್ ಅಂತ ಇರ್ತೈತಂತೆ. ನಮ್ ಸೊಸೆ ಅದನ್ನ ಮಲಗಿಸ್ತಾಳೆ."

"ಅದಕ್ಕೂ ದುಡ್ಡು ಕೊಡ್ತಾರಾ?"

"ಎಬ್ಬಿಸೋದೂ ಇವಳೇ ಕಣ್ರೀ," ಎಂದು ಅತ್ತೆ ನನ್ನ ಮಾನ ಉಳಿಸಿದರು.

ನಿಜ ಹೇಳಬೇಕೆಂದರೆ ಅದರಲ್ಲಿ ತಪ್ಪೇನೂ ಇಲ್ಲ. ಆಪರೇಟಿಂಗ್ ಸಿಸ್ಟಂನ ತಳದಲ್ಲಿ ಕರ್ನಲ್ ಎಂಬ ಭಾಗವಿರುತ್ತದೆ. ಯಾವ ಯಂತ್ರ ಯಾವಾಗ ದುಡಿಯಬೇಕು, ಯಾವಾಗ ಸುಮ್ಮನಿರಬೇಕು ಎನ್ನುವ ಯಜಮಾನಿಕೆಯೆಲ್ಲ ಅದರದ್ದೇ. ಫೈಲುಗಳನ್ನು ಇಟ್ಟುಕೊಳ್ಳುವ ಡಿಸ್ಕ್ ಕೆಲಸವಿಲ್ಲದೆ ತಿರುಗುತ್ತಾ ಕರೆಂಟು ತಿನ್ನಬಾರದು. ಬಿಡುವಾದಾಗ ಅದನ್ನು ಮಲಗಿಸಬೇಕು, ಯಾರಾದರೂ ಫೈಲು ಕೇಳಿದ ಕೂಡಲೇ ಎಬ್ಬಿಸಬೇಕು. ಅದನ್ನು ನೋಡಿಕೊಳ್ಳುವ ಸಾಲುಗಳಲ್ಲಿ ಒಂದಿಷ್ಟನ್ನು ಬರೆಯುವುದು, ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು. ತೂಕಡಿಸಿದ ತಕ್ಷಣ ಮಲಗಿಸುವ ಹಾಗಿಲ್ಲ. ಮಲಗಿಸಿ ಎಬ್ಬಿಸಿ, ಮಲಗಿಸಿ ಎಬ್ಬಿಸಿ ಮಾಡಿದರೆ ಡಿಸ್ಕ್ ಬೇಗ ಸವೆಯುತ್ತದೆ. ಹಾಗಾಗಿ ಯಾರೂ ಏನೂ ಕೇಳದೆ ಇಂತಿಷ್ಟು ಹೊತ್ತು ಕಳೆಯಲಿ ಎಂದು ಕಾಯುತ್ತೇವೆ. ಆ ಹೊತ್ತು ಮುಗಿಯುವುದರೊಳಗೆ ಒಂದು ಸಣ್ಣ ಪ್ರಶ್ನೆ ಬಂದರೂ ಎಣಿಕೆ ಮತ್ತೆ ಮೊದಲಿನಿಂದ ಶುರು.

ಈ ಬೇಸಿಗೆಯಲ್ಲಿ ಅತ್ತೆಗೆ ಹಾಸನದಲ್ಲಿ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು. ಆಪರೇಷನ್ ಸಲೀಸಾಗಿಯೇ ಆಯಿತು, ಕೈಕೊಟ್ಟದ್ದು ಬಿ.ಪಿ. ಮನೆಗೆ ಕಳಿಸುವಾಗ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು: ಮಾತ್ರೆ ಎಷ್ಟೋ ನಿದ್ದೆಯೂ ಅಷ್ಟೇ ಮುಖ್ಯ, ಮುಂದಿನ ಸಲ ಬರುವಾಗ ಬಿ.ಪಿ. ಇಳಿದಿರದಿದ್ದರೆ ಮತ್ತೆ ಅಡ್ಮಿಟ್ ಮಾಡಿಕೊಳ್ಳುತ್ತೇನೆ. ಅತ್ತೆಗೆ ಆಸ್ಪತ್ರೆಯ ವಾಸನೆ ನೆನೆದರೆ ವಾಂತಿ ಬರುತ್ತಿತ್ತು. "ಇನ್ನೊಂದ್ಸಲ ಅಲ್ಲಿಗೆ ಕರ್ಕೊಂಡ್ ಹೋದ್ರೆ ನಾನು ವಾಪಸ್ ಬರಲ್ಲ ನೋಡು," ಎಂದು ಕಾರಿನಲ್ಲೇ ನನ್ನ ಕೈ ಹಿಡಿದು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ನಿಜವಾಗಿ ಭಯವಾಯಿತು.

ಹೀಗೆ ಒಂದೇ ಮನೆಯಲ್ಲಿ ಮಲಗಿಸಬೇಕಾದವರು ಇಬ್ಬರಾದರು. ಏಕೆಂದರೆ ಅದೇ ವಾರ ಯಾವುದೋ ದೇಶದ ಒಬ್ಬ ಪುಣ್ಯಾತ್ಮ ದೂರು ಬರೆದಿದ್ದ: ತನ್ನ ಡಿಸ್ಕ್ ಎಷ್ಟು ಹೊತ್ತಾದರೂ ಮಲಗುವುದೇ ಇಲ್ಲ, ಕರ್ನಲ್‌ನವರು ಉತ್ತರ ಹೇಳಬೇಕು. ನಾನು ಒಂದು ಹಳೆಯ ಡಿಸ್ಕನ್ನು ಮೇಜಿನ ಮೇಲಿಟ್ಟು, ಅವನಲ್ಲಿದ್ದ ಪ್ರೋಗ್ರಾಮುಗಳನ್ನೆಲ್ಲ ಹಾಕಿ ಕಾದು ಕೂತೆ. ಅದು ಹಿಟ್ಟಿನ ಗಿರಣಿಯ ಹಾಗೆ ಗುಂಯ್‌ಗುಡುತ್ತಲೇ ಇತ್ತು.

ಒಳಗಿನ ರೂಮಿನಲ್ಲಿ ಅತ್ತೆಯ ಕಥೆಯೂ ಅದೇ. ನೋಡಿಕೊಂಡು ಹೋಗಲು ನೆಂಟರು ಬಂದರು. ನಮ್ಮ ಕಡೆ ಕಾಯಿಲೆಯವರನ್ನು ನೋಡದೆ ಇದ್ದರೆ ಆಡಿಕೊಳ್ಳುತ್ತಾರೆ. ಬಂದು, ಮಲಗಿದ್ದಾರೆಂದು ಮಾತಾಡಿಸದೆ ಹೋದರೂ ಬಂದ ಲೆಕ್ಕಕ್ಕೆ ಸೇರುವುದಿಲ್ಲ. ಹಳೇಬೀಡಿನಿಂದ ಅತ್ತೆಯ ತಂಗಿ ಎಳನೀರಿನ ಗೊಂಚಲು ಹೊತ್ತು ಬಂದರು. ಅತ್ತೆ ಆಗಷ್ಟೇ ಕಣ್ಣು ಮುಚ್ಚಿದ್ದರು. ತಂಗಿ ಭುಜ ಹಿಡಿದು ಅಲ್ಲಾಡಿಸಿ, "ಅಕ್ಕಾ, ಡಾಕ್ಟ್ರು ನಿದ್ದೆ ಮಾಡು ಅಂದವ್ರಂತಲ್ಲ, ಮಾಡ್ತಿದ್ದೀಯಾ?" ಎಂದು ಕೇಳಿದರು.

ನೆಂಟರನ್ನು ಹೇಗೋ ತಡೆದೆ. ಹಾಲ್‌ನಲ್ಲೇ ಕೂರಿಸಿ, ಕಾಫಿ ಕೊಟ್ಟು, ಕಳಿಸಿದೆ. ನನ್ನ ಗಂಡ ಬೇಲೂರಿನ ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಬೆಳಗಿನ ಬಸ್ಸು ಹತ್ತಿದರೆ ಕತ್ತಲಾದ ಮೇಲೆ ಬರುತ್ತಿದ್ದರು, ಅವರಿಂದ ತೊಂದರೆಯಿರಲಿಲ್ಲ. ಉಳಿದವರು ಮಾವ.

ಮಾವ ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾದವರು. ದುಡಿಮೆಯ ಕಾಲದಲ್ಲಿ ಎಷ್ಟು ಗಾಡಿಗಳನ್ನು ಕಾದರೋ, ಆ ಕಾಯುವಿಕೆಯನ್ನೆಲ್ಲ ಈಗ ಹೆಂಡತಿಯ ಮಂಚದ ಸುತ್ತ ಸುರಿದಿದ್ದರು. ಸ್ವಲ್ಪ ಹೊತ್ತಿಗೊಮ್ಮೆ ಬಾಗಿಲು ತಳ್ಳಿ, "ಏನೇ, ನಿದ್ದೆ ಬಂತಾ?" ಎನ್ನುತ್ತಿದ್ದರು. "ಇಲ್ಲ" ಎಂದರೆ ಮುಖ ಸಪ್ಪಗೆ ಮಾಡಿಕೊಂಡು ಬಂದು ಕೂರುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಡಿಸ್ಕಿನ ಕಾಯಿಲೆ ಸಿಕ್ಕಿತು. ದೂರು ಕೊಟ್ಟವನ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಇತ್ತು. ಡಿಸ್ಕ್ ಮಲಗಿದೆಯೋ ಎದ್ದಿದೆಯೋ ಎಂದು ತೋರಿಸುವುದಷ್ಟೇ ಅದರ ಕೆಲಸ. ತೋರಿಸಲು ಅದು ಮತ್ತೆ ಮತ್ತೆ ಡಿಸ್ಕನ್ನೇ ಕೇಳುತ್ತಿತ್ತು. ಮಲಗಲು ಹೊರಟ ಡಿಸ್ಕ್, ಇಲ್ಲ, ನಾನಿನ್ನೂ ಮಲಗಿಲ್ಲ ಎಂದು ಉತ್ತರ ಕೊಡಲಿಕ್ಕಾಗಿಯೇ ಎದ್ದು ಕೂರುತ್ತಿತ್ತು. ಖುಷಿ ತಡೆಯಲಾರದೆ ಪಕ್ಕದಲ್ಲಿದ್ದ ಮಾವನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಲೈನ್ ಮೇಲೆ ಗಾಡಿ ಐತಾ ಇಲ್ವಾ ಅಂತ ನೋಡೋಕೆ ಇನ್ನೊಂದು ಗಾಡಿ ಕಳಿಸಿದಂಗಾಯ್ತಲ್ಲವ್ವ! ಯಾವ ದಡ್ಡ ಬರೆದಿದ್ದು ಇದನ್ನ?"

ಹೀಗೆಂದವರು ಎದ್ದು, ನಗುತ್ತಲೇ ಹೋಗಿ, ರೂಮಿನ ಬಾಗಿಲು ತಳ್ಳಿದರು. "ಏನೇ, ನಿದ್ದೆ ಬಂತಾ?"

"ಬರ್ತಾ ಇತ್ತು," ಎಂದಿತು ಒಳಗಿನ ದನಿ.

ನನಗೆ ಎಲ್ಲಿತ್ತೋ ಸಿಟ್ಟು. "ಮಾವ, ಈಗ ತಾನೇ ನಕ್ಕಿರಲ್ಲ! ನೀವು ಮಾಡ್ತಿರೋದೂ ಅದೇ ಅಲ್ವಾ?" ಎಂದೆ.

"ಅದು ಮಿಷನ್ನು ಕಣವ್ವ. ನಾನು ಗಂಡ."

ಡಿಸ್ಕಿಗೆ ಮದ್ದು ಸುಲಭವಾಗಿತ್ತು. ಮಲಗಿಸಿದ್ದು ಕರ್ನಲ್ ತಾನೇ? ಯಾರು ಮಲಗಿದ್ದಾರೆ ಎಂಬುದು ಅದಕ್ಕೆ ಗೊತ್ತಿರುತ್ತದೆ. ಡಿಸ್ಕಿನ ತಂಟೆಗೆ ಹೋಗದೆ ಕರ್ನಲನ್ನೇ ಕೇಳಿ ತೋರಿಸುವ ಹಾಗೆ ಆ ಪ್ರೋಗ್ರಾಮನ್ನು ತಿದ್ದಿ ಕಳಿಸಿದೆ. ಮೇಜಿನ ಮೇಲಿನ ಗುಂಯ್ ಸದ್ದು ನಿಂತಿತು. ಅದೇ ಉತ್ಸಾಹದಲ್ಲಿ ಮನೆಗೂ ಒಂದು ಕಾನೂನು ಮಾಡಿದೆ: ಇನ್ನು ಮೇಲೆ ಅತ್ತೆಯನ್ನು ಕೇಳಬಾರದು, ನನ್ನನ್ನು ಕೇಳಬೇಕು.

ಮಾವ ಕಾನೂನು ಪಾಲಿಸಿದರು. ನಾನು ಒಂದು ಸಾಲು ಬರೆಯುವಷ್ಟರಲ್ಲಿ, "ಮಲಗಿದ್ಲಾ?" ಎರಡನೇ ಸಾಲಿಗೆ, "ಈಗ?" ತೊಂದರೆಯೇನೆಂದರೆ, ಕರ್ನಲ್ಲಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಮಾವನಿಗೆ ಉತ್ತರ ಕೊಡಲು ನಾನು ಹೋಗಿ ಬಾಗಿಲ ಸಂದಿಯಲ್ಲಿ ಇಣುಕಬೇಕು, ಇಣುಕಿದರೆ ಬಾಗಿಲು ಕಿರುಗುಟ್ಟಬೇಕು, ಅತ್ತೆ ಕಣ್ಣು ಬಿಟ್ಟು, "ಏನಮ್ಮ, ಏನಾದ್ರೂ ಬೇಕಿತ್ತಾ?" ಎನ್ನಬೇಕು.

ಕೊನೆಗೆ ಕೇಳುವುದೇ ಬೇಡವೆಂದು ಇಬ್ಬರೂ ಒಪ್ಪಿಕೊಂಡು ತೆಪ್ಪಗೆ ಕೂತೆವು. ಮನೆ ನಿಶ್ಶಬ್ದವಾಯಿತು. ಈಗ ಮಲಗಿರುತ್ತಾರೆ ಎಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅತ್ತೆಯೇ ಗೋಡೆ ಹಿಡಿದುಕೊಂಡು ಹಾಲ್‌ಗೆ ಬಂದರು.

"ಏನ್ರೀ, ಯಾಕ್ ಕೇಳ್ತಾನೇ ಇಲ್ಲ? ನಿಮಗೇನಾಯ್ತೋ ಅಂತ ನನ್ ಎದೆ ಡವಡವ ಅಂತಾ ಐತೆ!"

ಸಂಜೆ ಪಕ್ಕದ ಬೀದಿಯ ನರ್ಸ್ ಬಂದು ಬಿ.ಪಿ. ನೋಡಿದರು. ಇಳಿದಿರಲಿಲ್ಲ, ಒಂದಿಷ್ಟು ಏರಿತ್ತು. ಡಾಕ್ಟರ ಹತ್ತಿರ ಹೋಗುವ ದಿನ ಹತ್ತಿರವಾಗಿತ್ತು. ಹೀಗೇ ಆದರೆ ಆಸ್ಪತ್ರೆಗೆ ಚೀಲ ಕಟ್ಟಿಟ್ಟುಕೊಳ್ಳಿ ಎಂದು ನರ್ಸ್ ಹೇಳಿ ಹೋದರು. ಮಾವ ಜಗಲಿಯಲ್ಲಿ ಕೂತಿದ್ದರು. ಬೈಯಬೇಕೆಂದು ಹೋದವಳು ಅವರ ಮುಖ ನೋಡಿ ಪಕ್ಕದಲ್ಲಿ ಕೂತೆ.

"ಆಪರೇಷನ್ ಆದ್ಮೇಲೆ ಕರೆದೆ ಕಣವ್ವ," ಎಂದರು. "ಹೆಸರಿಡಿದು ಕರೆದೆ. ಓ ಅನ್ನಲಿಲ್ಲ. ಇಂಜೆಕ್ಷನ್ ಮಂಪರು ಇನ್ನೂ ಇಳಿದಿಲ್ಲ ಅಂದ್ರು ಡಾಕ್ಟ್ರು, ಅದು ನನ್ ಕಿವಿಗೇ ಹೋಗ್ಲಿಲ್ಲ. ಈಗ ಅವಳು ಕಣ್ಮುಚ್ಚಿದ್ರೆ ಸಾಕು, ಕರೀಬೇಕು ಅನ್ನಿಸ್ತೈತೆ. ಇಲ್ಲ ಅಂದ್ಲು ಅಂದ್ರೆ ಇದ್ದಾಳೆ ಅಂತ."

ಇಷ್ಟು ದಿನ ಈ ಮನುಷ್ಯನ ಮೇಲೆ ಕೂಗಾಡಿದೆನಲ್ಲ ಎಂದು ನಾಚಿಕೆಯಾಯಿತು.

ಮರುದಿನ ದಾರಿ ಹೇಳಿದವರು ಅತ್ತೆಯೇ. "ನೀವು ಕೇಳ್ಬೇಡಿ, ಸುಮ್ನೆನೂ ಇರ್ಬೇಡಿ. ಬಾಗಿಲಾಚೆ ಕೂತು ಪೇಪರ್ ಓದಿ, ಜೋರಾಗಿ. ನಾನು ಓ ಅನ್ನಲ್ಲ, ಮೊದ್ಲೇ ಹೇಳಿದ್ದೀನಿ." ಊಟವಾದ ಮೇಲೆ ಮಾವ ಕುರ್ಚಿ ಹಾಕಿಕೊಂಡು ಕೂತರು. ದೇಶದ ಸುದ್ದಿ ಓದಿದರು, ಜಿಲ್ಲೆಯ ಸುದ್ದಿ ಓದಿದರು, ಶ್ರದ್ಧಾಂಜಲಿಗಳನ್ನು ಮಾತ್ರ ಹಾರಿಸಿದರು. ಉತ್ತರ ಬಾರದೆ ಅವರ ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆ ಹೋಗುತ್ತಿತ್ತು. ಕೈ ಸನ್ನೆಯಲ್ಲೇ ತಡೆದೆ. ಕೊಬ್ಬರಿ ಧಾರಣೆಗೆ ಬಂದಿದ್ದರು, ಅಷ್ಟರಲ್ಲಿ ರೂಮಿನೊಳಗಿಂದ ಒಂದು ಸದ್ದು ಬಂತು. ಮೊದಲು ಸಣ್ಣಗೆ, ಆಮೇಲೆ ಎತ್ತಿನಗಾಡಿ ದಿಬ್ಬ ಹತ್ತಿದ ಹಾಗೆ.

ಅತ್ತೆ ಗೊರಕೆ ಹೊಡೆಯುತ್ತಿದ್ದರು.

ಮಾವ ಪೇಪರ್ ಇಳಿಸಿದರು. ಅದೇ ಹೊತ್ತಿಗೆ ಗೇಟು ತೆಗೆದುಕೊಂಡು ಹಳೇಬೀಡಿನ ತಂಗಿ ಮತ್ತೆ ಬಂದರು. ಚಪ್ಪಲಿ ಬಿಡುತ್ತಲೇ, "ಭಾವ, ಅಕ್ಕ ಹೆಂಗವ್ಳೆ? ಒಳಗ್ ಹೋಗಿ ಮಾತಾಡಿಸ್ಕೊಂಡ್ ಬತ್ತೀನಿ," ಎಂದರು.

ನಾದಿನಿಯ ಜೊತೆ ಒಂದು ದಿನವೂ ಗಟ್ಟಿಯಾಗಿ ಮಾತಾಡದಿದ್ದ ಮನುಷ್ಯ, "ಆ ಬಾಗಿಲು ಮುಟ್ಟಿದ್ರೆ ಕಾಲ್ ಮುರೀತೀನಿ," ಎಂದು ಪಿಸುಗುಟ್ಟಿದರು. ಆಕೆ ಗಾಬರಿಯಾಗಿ ನನ್ನ ಕುರ್ಚಿಯ ಮೇಲೆ ಕೂತುಬಿಟ್ಟರು. ಒಳಗಿನ ಸದ್ದು ಕೇಳಿಸಿಕೊಂಡು, ಬಾಯಿಗೆ ಸೆರಗು ಅಡ್ಡ ಹಿಡಿದು, "ಅಯ್ಯೋ, ಈ ಸದ್ದಿನಲ್ಲಿ ನೀವೆಂಗ್ ಮಲಗ್ತೀರಾ ಭಾವ?" ಎಂದರು.

"ಮದುವೆಯಾದಾಗಿಂದ ಇದಕ್ಕೇ ಬೈಕೊಂಡ್ ಬಂದಿದ್ದೀನಿ," ಎಂದು ಮಾವ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು. "ಹೊಡೀಲಿ ಬಿಡವ್ವ. ಇನ್ನೂ ಒಸಿ ಜೋರಾಗಿ ಹೊಡೀಲಿ."